ಸ್ಯಾಂಪಲ್ ಕೊಳಗ

ಮಂಡಿಯ ಕೊಳಗ ಪುಟ್ಟ ಪುಟ್ಟ ರಾಗಿ ಚೀಲಗಳ ಮುಂದೆ ನಿಂತು, ಸ್ಯಾಂಪಲ್ಲಿನ ಹೆಸರಲ್ಲಿ ಒಂದೊಂದರಿಂದಲೂ ಹೊಟ್ಟೆ ತುಂಬ ಮೊಗೆದುಕೊಂಡಿತು.

ಸೊರಗಿದ ಚೀಲವೊಂದು ಕೇಳಿತು: "ಕೊಳಗಣ್ಣ, ಸಾಹುಕಾರರ ಆ ಗುಡ್ಡದಂಥ ರಾಶಿಯಿಂದ ಎಷ್ಟು ತೆಗೆದಿರಿ?"

"ಚೀಲವಿರಲಿ, ರಾಶಿಯಿರಲಿ, ಒಂದಕ್ಕೆ ಒಂದೇ ಕೊಳಗ. ಅದು ಮಂಡಿಯ ಪದ್ಧತಿ."

"ಹೌದಾ! ಸ್ಯಾಂಪಲ್ಲಿಗೆ ಒಂದು ಹಿಡಿ ಸಾಲದೇ? ಉಳಿದದ್ದು ಯಾರ ಮನೆಗೆ?"

ಕೊಳಗ ಕೇಳಿಸಲೇ ಇಲ್ಲವೆಂಬಂತೆ ಮುಂದೆ ಹೋಯಿತು.

ಮುಂದಿನ ವಾರ ಅದು ಬಂದಾಗ ಚೀಲಗಳೆಲ್ಲ ಬರಿದಾಗಿ ಮಡಚಿಕೊಂಡು ಕೂತಿದ್ದವು. ನಡುವೆ ದೊಡ್ಡದೊಂದು ರಾಶಿ.

"ಯಾರದಿದು?"

"ನಮ್ಮೆಲ್ಲರದು," ಎಂದವು ಚೀಲಗಳು. "ಪದ್ಧತಿಯಂತೆ ಒಂದು ಕೊಳಗ ತಗೊಳ್ಳಿ."

ಕೊಳಗ ಗೊಣಗುತ್ತ ಮೊಗೆದು ಹೊರಟಿತು.

"ನಿಲ್ಲಿ," ಎಂದಿತು ರಾಶಿ. "ಉಳಿದದ್ದು ಯಾರ ಮನೆಗೆ?"

ಪ್ರಶ್ನೆ ಹಳೆಯದೇ. ಕೊಳಗ ನಿಂತದ್ದು ಮಾತ್ರ ಅದೇ ಮೊದಲು.