ಅಜ್ಜಾರ ಕೀಲಿ

ಹೊಳೆ ದಂಡೆಯ ಆಶ್ರಮದಲ್ಲಿ ಸಂಗಯ್ಯಜ್ಜ ಎಂಬ ಗುರುಗಳಿದ್ದರು. ಅವರು ಕಟ್ಟಿದ ಒಂದು ಲಿನಕ್ಸ್ ಸರ್ವರ್ ಹೊಳೆಯ ನೀರು ಎಷ್ಟು ಏರಿದೆ ಅಂತ ಗಂಟೆಗೊಮ್ಮೆ ಇಂಟರ್ನೆಟ್ಟಿನಲ್ಲಿ ತೋರಿಸುತ್ತಿತ್ತು. ಕೆಳಗಿನ ಊರುಗಳ ಅಂಬಿಗರು ಫೋನಿನಲ್ಲಿ ಆ ಅಂಕಿ ನೋಡಿಯೇ ಹರಿಗೋಲು ಇಳಿಸುತ್ತಿದ್ದರು.

ಅಜ್ಜಾರಿಗೆ ದೇಶ ತಿರುಗುವ ಮನಸ್ಸಾಯಿತು. ಸರ್ವರ್ ಕಾಯುವ ಕೆಲಸ ಶಿಷ್ಯೆ ದ್ಯಾಮವ್ವನ ಪಾಲಿಗೆ ಬಂತು.

ಅಜ್ಜಾರು ಹೊರಡುವ ಹಿಂದಿನ ದಿನ ಅವಳು ಸರ್ವರಿಗೆ ಯಾರು ಯಾವಾಗ ಬಂದರು ಅನ್ನುವ ದಾಖಲೆ, ಲಾಗ್, ನೋಡುತ್ತ ಕೂತಿದ್ದಳು. ಅಜ್ಜಾರು ಬಂದು ಪಕ್ಕದಲ್ಲಿ ಕೂತರು.

"ಯಾಕ ಯವ್ವಾ, ಮಾರಿ ಸಣ್ಣದಾಗೇತಿ?"

"ನಿನ್ನೆ ಒಂದ ದಿನಕ್ಕ ಒಂಬತ್ತು ಸಾವಿರ ಸಲ ಯಾರ‍್ಯಾರೋ ಒಳಗ ಬರಾಕ ನೋಡ್ಯಾರ, ಅಜ್ಜಾರ. ಒಬ್ಬ ಬಂದು ಅಂಕಿ ತಿದ್ದಿದ್ರ ಸಾಕು, ಹರಿಗೋಲು ಮುಳುಗ್ತಾವು. ನಾ ಒಬ್ಬಾಕಿ ಹೆಂಗ ಕಾಯಲಿ?"

"ಏನ್ ಮಾಡೀದಿ ಇಲ್ಲೀತನಕ?"

"ಬ್ಯಾಡಾದ ಪೋರ್ಟಿನ ಬಾಗಲಾ ಎಲ್ಲಾ ಮುಚ್ಚೀನಿ. ಪಾಸ್‌ವರ್ಡ್ ಹೊಡದು ಬರೂದು ಬಂದ್. ತಮ್ಮ ಲ್ಯಾಪ್‌ಟಾಪಿನ್ಯಾಗ ಕೀಲಿ ಫೈಲ್ ಇದ್ದವರಿಗಷ್ಟ ದಾರಿ."

"ಎಷ್ಟು ಕೀಲಿ ಅದಾವು?"

"ಈ ಪಟ್ಟಿಯೊಳಗ ಎರಡು ಸಾಲು, ಸಾಲಿಗೊಂದು ಕೀಲಿ. ನಂದೊಂದು, ನಿಮ್ದೊಂದು."

"ನಂದು ತಗದು ಹಾಕು."

ದ್ಯಾಮವ್ವ ಕೀಬೋರ್ಡಿನಿಂದ ಕೈ ಹಿಂದಕ್ಕೆ ಎಳೆದುಕೊಂಡಳು.

"ಒಲ್ಲೆ. ಅದರಾಗ ನಿಮ್ಮ ಹೆಸರೈತಿ. ದಿನಾ ಮುಂಜಾನೆ ಆ ಸಾಲಿಗೆ ಕೈಮುಗದ ನಾ ಕೆಲಸಕ್ಕ ಕೂಡೂದು."

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹುಚ್ಚಿ! ನಾಳೆ ಯಾವುದೋ ಬಸ್ಸಿನ್ಯಾಗ ನನ್ನ ಲ್ಯಾಪ್‌ಟಾಪ್ ಕಳುವಾಗ್ತೈತಿ ಅಂತ ತಿಳಿ. ಕದ್ದಾಂವ ನನ್ನ ಹೆಸರಿನ ಮ್ಯಾಲ ಒಳಗ ಬರ್ತಾನ. ಅವಂಗೂ ಕೈಮುಗೀತೀಯೇನು?"

ಅವಳಿಗೆ ನಗು ಬರಲಿಲ್ಲ. ಬಹಳ ಹೊತ್ತು ಆ ಸಾಲನ್ನೇ ನೋಡಿದಳು. ಕಡೆಗೆ ಅಳಿಸಿದಳು.

ಅಜ್ಜಾರು ತಮ್ಮ ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿ ಸರ್ವರಿನ ಒಳಗೆ ಹೋಗಲು ನೋಡಿದರು.

ಅನುಮತಿ ಇಲ್ಲ ಅಂತ ಬಂತು.

ಇನ್ನೊಮ್ಮೆ ನೋಡಿದರು. ಆಗಲೂ ಅದೇ.

ದ್ಯಾಮವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಿಮ್ಮನ್ನ ನಾನ ಹೊರಗ ಹಾಕಿದೆ, ಅಜ್ಜಾರ."

ಅಜ್ಜಾರು ಅವಳ ತಲೆ ಸವರಿದರು. ಅವರ ಕಣ್ಣೂ ತುಂಬಿದ್ದವು.

"ಕಟ್ಟಿದಾಂವಗ ಒಲ್ಲೆ ಅಂದಿ. ಇನ್ನ ಯಾರಿಗೆ ಅಂಜತಿ, ಮಗಳ?"