ಕುಂಕುಮ ಹಚ್ಚಿದ ಪ್ರೊಸೆಸರ್

ಹುಬ್ಬಳ್ಳಿಯಲ್ಲಿ ಚನ್ನವೀರಪ್ಪ ಎಂಬ ಕಂಪ್ಯೂಟರ್ ಜೋಡಿಸುವವನಿದ್ದ. ಗಿರಾಕಿಗಳು ಬಿಡಿಭಾಗ ತಂದುಕೊಟ್ಟರೆ ಅವನು ಕೂಡಿಸಿಕೊಡುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಬಂದವರಿಗೆಲ್ಲ ಅವನದು ಒಂದೇ ಮಾತು: "ಮೊದಲ ಪಟ್ಟಿ ತೋರಸ್ರಿ, ಆಮ್ಯಾಲೆ ತಗೋರಿ. ಕೂಡಿಸೋತನಕ ಸೀಲ್ ಒಡಿಬ್ಯಾಡ್ರಿ." ಎಲ್ಲರೂ ಹೂಂ ಎನ್ನುತ್ತಿದ್ದರು. ಹೋಗಿ ತಮಗೆ ತೋಚಿದ್ದನ್ನೇ ಮಾಡುತ್ತಿದ್ದರು. ಹೇಳಿ ಹೇಳಿ ಅವನ ಬಾಯಿ ಸೋತಿತ್ತು. ಈ ಕಥೆ ಹೇಳುವ ನನ್ನ ಬಾಯಿಯೂ ಅಷ್ಟೇ, ಮಕ್ಕಳೇ.

ಅದೇ ಊರಿನ ರಾಜಶ್ರೀ ಒಡವೆಗಳ ಮಾದರಿಗಳನ್ನು ಕಂಪ್ಯೂಟರಿನಲ್ಲಿ ರೂಪಿಸುತ್ತಿದ್ದಳು. ಗದಗಿನ ಅಕ್ಕಸಾಲಿಗರೊಬ್ಬರು ಅವಳಿಗೆ, "ಸೋಮವಾರ ಒಂದು ಬುಗುಡಿ ಮಾಡಿ ತೋರಸವಾ. ಮನಸ್ಸಿಗೆ ಬಂದ್ರ ವರ್ಷದ ಕೆಲಸ ಎಲ್ಲಾ ನಿನಗ" ಎಂದಿದ್ದರು. ಬುಗುಡಿ ಎಂದರೆ ಕಿವಿಯ ಮೇಲ್ಭಾಗಕ್ಕೆ ಹಾಕುವ ಮುತ್ತಿನ ಒಡವೆ. ಅವಳ ಹಳೆಯ ಕಂಪ್ಯೂಟರ್ ಒಂದು ಮುತ್ತು ತಿರುಗಿಸುವಷ್ಟರಲ್ಲಿ ನಿಂತುಬಿಡುತ್ತಿತ್ತು. ತಮ್ಮ ವಿರೂಪಾಕ್ಷನಿಗೆ ಗೇಮ್ ಹುಚ್ಚು. ಇಬ್ಬರಿಗೂ ಆಗುವಂಥ ಒಂದು ಹೊಸ ಕಂಪ್ಯೂಟರ್ ಕಟ್ಟಿಸೋಣವೆಂದು ಕೂಡಿಯೇ ಹಣ ಹಾಕಿದರು.

ಭಾಗ ಆರಿಸಿದವನು ತಮ್ಮ. ಅವನಿಗೆ ಎಲ್ಲವೂ ನಂಬರ್ ಒನ್ ಆಗಬೇಕು. ನಂಬರ್ ಒನ್ ಪ್ರೊಸೆಸರ್, ನಂಬರ್ ಒನ್ ಮದರ್‌ಬೋರ್ಡ್, ನಂಬರ್ ಒನ್ ಗ್ರಾಫಿಕ್ಸ್ ಕಾರ್ಡ್.

"ಚನ್ನವೀರಪ್ಪ ಕಾಕಾಗ ಒಮ್ಮೆ ಪಟ್ಟಿ ತೋರಸೋಣೇನೋ?" ಎಂದಳು ಅಕ್ಕ.

"ಎಲ್ಲಾ ನಂಬರ್ ಒನ್ ಅದಾವಕ್ಕಾ. ಅದರಾಗ ತೋರಸೋದೇನೈತಿ?"

ಅವಳಿಗೂ ಅವಸರ. ತಮ್ಮ ಆರಿಸಿದ್ದನ್ನೇ ಅಂಗಡಿಗೆ ಹೇಳಿದಳು.

ಸಾಮಾನು ಮನೆಗೆ ಬಂದದ್ದು ಶುಕ್ರವಾರ, ಖಂಡೇಪೂಜೆಯ ದಿನ. ಆ ಕಡೆ ಮಹಾನವಮಿಗೆ ವರ್ಷವಿಡೀ ದುಡಿದ ಸಾಮಾನುಗಳನ್ನೆಲ್ಲ ತೊಳೆದು ಪೂಜೆಗಿಡುತ್ತಾರೆ. ಡಬ್ಬಿಗೆ ಪೂಜೆ ಮಾಡಿದರೆ ಒಳಗಿನದಕ್ಕೆ ಮುಟ್ಟುವುದುಂಟೇ ಎಂದು ವಿರೂಪಾಕ್ಷ ಎಲ್ಲ ಸೀಲು ಒಡೆದ. ಒಂದೊಂದನ್ನೂ ಮಣೆಯ ಮೇಲೆ ಸಾಲಾಗಿಟ್ಟು ವಿಭೂತಿ ಎಳೆದ, ಕುಂಕುಮ ಇಟ್ಟ, ಚೆಂಡುಹೂ ಏರಿಸಿದ. ನೋಡಲು ಚೆನ್ನಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಚನ್ನವೀರಪ್ಪ ಕೂಡಿಸಲು ಕೂತ. ಮದರ್‌ಬೋರ್ಡ್ ಬೇರೆ ಜಾತಿಯ ಪ್ರೊಸೆಸರಿಗೆಂದು ಮಾಡಿದ್ದು. ಇವರು ತಂದದ್ದು ಅದರ ಗುಳಿಯಲ್ಲಿ ಕೂರಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಎಲ್ಲವನ್ನೂ ಕೂರಿಸುವ ಪೆಟ್ಟಿಗೆಗಿಂತ ಎರಡು ಬೆರಳು ಉದ್ದವಿತ್ತು.

"ಚೂರು ಒತ್ತಿ ನೋಡ್ರಲಾ ಕಾಕಾ" ಎಂದ ವಿರೂಪಾಕ್ಷ.

ಚನ್ನವೀರಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. "ಒತ್ತಿದ್ರ ಮುರೀತೈತಪಾ, ಕೂಡೂದಿಲ್ಲ. ಸೀಲ್ ಒಡಿಬ್ಯಾಡ್ರಿ ಅಂತ ಬಾಗಿಲಿಗೇ ಬರದು ಹಾಕೇನಿ. ಯಾರು ಓದ್ತಾರ?"

ಮಾರಿದ ಅಂಗಡಿಗೆ ಓಡಿದರು. ಅಲ್ಲಿಯವರು ಪ್ರೊಸೆಸರಿನ ಮೇಲಿನ ಕುಂಕುಮ ನೋಡಿ ಅದಕ್ಕೇ ಕೈ ಮುಗಿದರು. "ಪೂಜಿ ಆಗಿದ್ದನ್ನ ನಾ ಯಾರಿಗೆ ಮಾರ್ಲಿ? ಮನಿಯಾಗ ಇಟ್ಕೋರಿ." ಹೊಂದುವ ಪ್ರೊಸೆಸರ್ ಊರಲ್ಲಿರಲಿಲ್ಲ. ಹಬ್ಬ ಮುಗಿದು ಬುಧವಾರ ಬರಬೇಕಿತ್ತು.

ಭಾನುವಾರವಿಡೀ ರಾಜಶ್ರೀ ಹಳೆಯ ಕಂಪ್ಯೂಟರಿನ ಮುಂದೆ ಕೂತಳು. ಏಳು ಮುತ್ತಿನ ಬುಗುಡಿಯಲ್ಲಿ ಮೂರು ಮುತ್ತು ಮೂಡಿದವು. ಸೋಮವಾರ ಅಕ್ಕಸಾಲಿಗರು ಅದನ್ನು ನೋಡಿ, "ಕೈ ಚಲೋ ಐತವಾ" ಎಂದು ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಬೈದಿದ್ದರೆ ಅವಳಿಗೆ ಅಷ್ಟು ದುಃಖವಾಗುತ್ತಿರಲಿಲ್ಲ.

ಬುಧವಾರ ಬಂದ ಸಾಧಾರಣ ಪ್ರೊಸೆಸರ್ ಆ ಬೋರ್ಡಿನಲ್ಲಿ ಸದ್ದಿಲ್ಲದೆ ಕೂತಿತು. ದೊಡ್ಡ ಪೆಟ್ಟಿಗೆಯೂ ಬಂತು. ಬುಗುಡಿ ಏಳೂ ಮುತ್ತಿನೊಂದಿಗೆ ಗರಗರ ತಿರುಗಿತು. ಅದನ್ನು ಕೇಳುವವರು ಮಾತ್ರ ಯಾರೂ ಇರಲಿಲ್ಲ.

ನಂಬರ್ ಒನ್ ಪ್ರೊಸೆಸರ್ ದೇವರ ಜಗಲಿ ಸೇರಿತು. ಮುಂದಿನ ಖಂಡೇಪೂಜೆಗೆ ವಿರೂಪಾಕ್ಷ ಅದಕ್ಕೂ ಕುಂಕುಮ ಹಚ್ಚಲು ಹೋದ.

"ಅದಕ್ಕ ಬ್ಯಾಡೋ ತಮ್ಮಾ" ಎಂದಳು ಅಕ್ಕ. "ದುಡಿದದ್ದಕ್ಕ ಪೂಜಿ ಮಾಡ್ತಾರ. ಅದು ಒಂದು ದಿನಾನೂ ದುಡಿದಿಲ್ಲ."

ಅವನು ಕುಂಕುಮದ ಬಟ್ಟಲನ್ನು ಕೆಳಗಿಟ್ಟ.

ನೀತಿ: ಒಂದೊಂದೂ ಶ್ರೇಷ್ಠವಾಗಿದ್ದರೆ ಸಾಲದು, ಒಂದಕ್ಕೊಂದು ಹೊಂದಬೇಕು. ಕೊಳ್ಳುವ ಮೊದಲು ಬಲ್ಲವರನ್ನು ಕೇಳಿ. ಕೂಡಿಸಿ ನೋಡುವ ಮೊದಲು ಹೂ ಏರಿಸಬೇಡಿ. ಇದನ್ನು ಹತ್ತು ಜನಕ್ಕೆ ಕಳಿಸದಿದ್ದರೂ ನಡೆಯುತ್ತದೆ, ಓದಿದ ಒಬ್ಬರು ಕೇಳಿದರೆ ಸಾಕು.