ಪಂಪು ಹೊದ್ದ ಶಾಲು

ಕಾಲೇಜಿನ ಬಯಲಿನಲ್ಲಿ ಹುಲ್ಲು ಕತ್ತರಿಸುವ ಗಾಡಿಗೆ, ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಪಂಪೊಂದಿತ್ತು. ಕತ್ತರಿಸಿದ ಹುಲ್ಲು ಹಾರಿಬಂದು ಮೈಮೇಲೆ ಕೂತಾಗಲೆಲ್ಲ ಅದು ಸನ್ಮಾನದ ಶಾಲು ಎಂದು ಹಿಗ್ಗುತ್ತಿತ್ತು. ಈಚೆಗೆ ಮಾತ್ರ, ಬೆಳಿಗ್ಗೆ ಚುರುಕಾಗಿ ಹೊರಟದ್ದು ಅರ್ಧ ಗಂಟೆಯಲ್ಲಿ ಕಾದು ಸುಸ್ತಾಗಿ ದಿಬ್ಬದ ಕೆಳಗೇ ನಿಂತುಬಿಡುತ್ತಿತ್ತು.

"ನೀರು ಕುಡಿದು ಬರುತ್ತೇನೆ. ಆಮೇಲೂ ದಿಬ್ಬ ಹತ್ತದಿದ್ದರೆ ಈ ಪಂಪು ಗುಜರಿಗೆ," ಎಂದು ಮಾಲಿ ಚೌಡಪ್ಪ ಇಳಿದು ಹೋದ.

"ಎಣ್ಣೆ ಕೆಟ್ಟಿರಬೇಕು," ಎಂದು ಪಂಪು ನರಳಿತು.

ಗೂಡಿಗೆ ಹುಲ್ಲು ಹುಡುಕುತ್ತಿದ್ದ ಗೊರವಂಕ ಬಗ್ಗಿ ನೋಡಿ ನಕ್ಕಿತು. "ಬೆಳಿಗ್ಗೆ ಚೆನ್ನಾಗಿದ್ದ ಎಣ್ಣೆ ಈಗ ಕೆಟ್ಟಿತೇ, ಪಂಪಣ್ಣ? ಈ ಬಿಸಿಲಲ್ಲಿ ಇಷ್ಟೊಂದು ಶಾಲು ಹೊದ್ದರೆ ಯಾರಾದರೂ ಬೇಯುತ್ತಾರೆ. ನನಗೆ ಕೊಡು."

"ಇವೆಲ್ಲ ನನ್ನ ಸನ್ಮಾನದವು!"

"ಸರಿ, ಗುಜರಿಯಲ್ಲೂ ಹೊದ್ದುಕೊಂಡೇ ಇರು."

ಗುಜರಿ ಎಂದದ್ದೇ ಪಂಪಿನ ಹಿಗ್ಗು ಇಳಿಯಿತು. "ಒಂದೆಳೆಯನ್ನೂ ಬಿಡಬೇಡ, ತಂಗಿ," ಎಂದಿತು.

ಗೊರವಂಕ ಬಳಗವನ್ನೆಲ್ಲ ಕರೆತಂದು ಅದರ ಮೈ ಬರಿದು ಮಾಡಿತು. ಗಾಳಿ ತಾಕಿ ಪಂಪು ತಣ್ಣಗಾಯಿತು. ಚೌಡಪ್ಪ ಬಂದು ಗಾಡಿ ಹೊರಡಿಸಿದ್ದೇ ತಡ, ಅದು ಒಂದೇ ಉಸಿರಿಗೆ ದಿಬ್ಬ ಹತ್ತಿತು.

"ಪಂಪಣ್ಣ, ನಿನ್ನ ಶಾಲು ಬಲು ಬೆಚ್ಚಗಿದೆ!" ಎಂದು ಗೊರವಂಕ ಮರದ ಪೊಟರೆಯಿಂದ ಕೂಗಿತು.

"ನಾಳೆಯೂ ಬಾ, ಇನ್ನಷ್ಟು ಬಿದ್ದಿರುತ್ತವೆ!" ಎಂದು ಪಂಪು ಹಾಡುತ್ತಾ ಮುಂದಕ್ಕೆ ಓಡಿತು.